ಚೀನಾದ ಮೇಜಿನ ಮೇಲೆ ಮಸಿ ಕುಡಿಕೆ ಇರಲಿಲ್ಲ

ಹಳೆ ಸಾಮಾನು ಮಾರುವ ಯಾವುದೇ ಜಾಲತಾಣಕ್ಕೆ ಹೋಗಿ ‘ಚೀನಾದ ಪುರಾತನ ಮಸಿ ಕುಡಿಕೆ’ ಎಂದು ಹುಡುಕಿ. ರಾಶಿ ರಾಶಿ ಸಿಗುತ್ತವೆ. ಹಿತ್ತಾಳೆಯವು, ನೀಲಿ ಮೀನಾಕಾರಿಯವು, ಮುಚ್ಚಳದ ಮೇಲೆ ಹಸಿರು ಕಲ್ಲು ಕೂರಿಸಿದವು, ಡ್ರ್ಯಾಗನ್ ಸುತ್ತಿಕೊಂಡವು. ನೋಡಲು ಚೆನ್ನಾಗಿಯೇ ಇರುತ್ತವೆ. ನಾನು ಮೊದಲು ಕೊಂಡದ್ದೂ ಅಂಥದ್ದನ್ನೇ. ಭಾನುವಾರದ ಸಂತೆಯಲ್ಲಿ ಚೌಕಾಸಿ ಮಾಡಿ, ಗೆದ್ದೆ ಎಂಬ ಖುಷಿಯಲ್ಲಿ ಮನೆಗೆ ತಂದೆ. ತೊಳೆಯುವಾಗ ತಲೆಕೆಳಗೆ ಮಾಡಿದರೆ, ತಳದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಚೈನಾ’ ಎಂದು ಅಚ್ಚೊತ್ತಿತ್ತು.

ಆ ಒಂದು ಪದದಿಂದ ಎರಡು ವಿಷಯ ಗೊತ್ತಾಗುತ್ತವೆ. ಅಮೆರಿಕ 1890ರಲ್ಲಿ ತಂದ ಸುಂಕದ ಕಾಯಿದೆಯಿಂದಾಗಿ, 1891ರಿಂದ ಅಲ್ಲಿಗೆ ಹೋಗುವ ಸಾಮಾನಿನ ಮೇಲೆ ಅದು ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಬೇಕಿತ್ತು. ಅಂದರೆ ಈ ಕುಡಿಕೆ ಹೆಚ್ಚುಕಮ್ಮಿ ಅದಕ್ಕಿಂತ ಈಚಿನದು. ಎರಡನೆಯದು, ಇದನ್ನು ಚೀನಾದವರು ತಮಗಾಗಿ ಮಾಡಿಕೊಂಡಿರಲಿಲ್ಲ. ಉಕ್ಕಿನ ನಿಬ್ಬನ್ನು ಮಸಿಯಲ್ಲಿ ಅದ್ದಿ ಬರೆಯುವ ಪರದೇಶದ ಗಿರಾಕಿಗಾಗಿ ಮಾಡಿದ್ದರು.

ಚೀನಾದ ಹಳೆಯ ಓದುಬರಹದ ಮೇಜಿಗೆ ಮಸಿ ಕುಡಿಕೆಯ ಅಗತ್ಯವೇ ಇರಲಿಲ್ಲ. ಅವರ ಮಸಿ ಕುಡಿಕೆಯಲ್ಲಿ ತುಂಬಿಡುವಂಥದ್ದಲ್ಲ, ಒಣಗಿ ಗಟ್ಟಿಯಾದ ಕಡ್ಡಿ. ಬೇಕಾದಾಗ, ಬೇಕಾದಷ್ಟು, ಕಲ್ಲಿನ ಮೇಲೆ ನೀರು ಹಾಕಿ ತೇಯ್ದುಕೊಳ್ಳಬೇಕು. ಇದು ತಲೆಗೆ ಹೋದರೆ ಆ ಮೇಜಿನ ಮೇಲಿನ ಮಿಕ್ಕೆಲ್ಲ ವಸ್ತುಗಳೂ ಅರ್ಥವಾಗುತ್ತವೆ. ಯಾವುದು ಅಸಲಿ, ಯಾವುದು ಸುಮ್ನೆ ಅಲಂಕಾರ, ಯಾವುದು ಮೋಸ ಎಂದು ಕಂಡುಹಿಡಿಯಲು ನನಗೆ ಜಾಸ್ತಿ ಸಹಾಯವಾದ ಪ್ರಶ್ನೆ ಒಂದೇ: ಈ ವಸ್ತು ಮೇಜಿನ ಮೇಲೆ ಯಾವ ಕೆಲಸ ಮಾಡುತ್ತಿತ್ತು?

ಗಂಧ ತೇಯ್ದ ಹಾಗೆ

ದೇವರ ಪೂಜೆಗೆ ಗಂಧ ತೇಯುವುದನ್ನು ನೋಡಿಯೇ ಇರುತ್ತೀರಿ. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು, ಕೊರಡನ್ನು ಹಿಡಿದು ಗುಂಡಗೆ ತೇಯುವುದು, ಹೊತ್ತು ಕಳೆದಂತೆ ನೀರು ಗಟ್ಟಿಯಾಗಿ ಗಂಧವಾಗುವುದು. ಚೀನಾದಲ್ಲಿ ಮಸಿ ಮಾಡಿಕೊಳ್ಳುವುದೂ ಹೀಗೆಯೇ. ಗಂಧದ ಕೊರಡಿನ ಬದಲು ಮಸಿ ಕಡ್ಡಿ, ಸಾಣೆಕಲ್ಲಿನ ಬದಲು ಮಸಿಕಲ್ಲು.

ಮಸಿಕಲ್ಲಿನಲ್ಲಿ ಎರಡು ಭಾಗ ಇರುತ್ತವೆ. ತೇಯಲು ಒಂದು ಸಮತಟ್ಟಾದ ಜಾಗ. ಅದರ ಒಂದು ತುದಿ ಇಳಿಜಾರಾಗಿ ಸಣ್ಣ ಗುಂಡಿ ಸೇರುತ್ತದೆ. ತೇಯ್ದ ಮಸಿ ಅಲ್ಲಿ ನಿಲ್ಲುತ್ತದೆ. ತಟ್ಟಿನ ಮೇಲೆ ಅರ್ಧ ಚಮಚ ನೀರು ಹಾಕಿ, ಕಡ್ಡಿಯನ್ನು ನೆಟ್ಟಗೆ ಹಿಡಿದು, ಅವಸರ ಮಾಡದೆ ತೇಯಬೇಕು. ಮೊದಲು ಬರೀ ಬೂದು ನೀರು. ಐದಾರು ನಿಮಿಷಕ್ಕೆ ಕಡ್ಡಿ ಹಾದುಹೋದ ದಾರಿ ಕಲ್ಲಿನ ಮೇಲೆ ಒಂದು ಗಳಿಗೆ ಹಾಗೇ ನಿಂತು ಆಮೇಲೆ ಮುಚ್ಚಿಕೊಳ್ಳುತ್ತದೆ. ಎಣ್ಣೆಯ ಹಾಗೆ ಮಿಂಚುತ್ತದೆ. ಆಗ ಮಸಿ ಹದಕ್ಕೆ ಬಂದಿದೆ ಎಂದರ್ಥ. ಒಳ್ಳೆ ಕಲ್ಲಿನಲ್ಲಿ ಕರಕರ ಶಬ್ದವೇ ಬರುವುದಿಲ್ಲ. ಶಬ್ದ ಬಂದರೆ ಒಂದೋ ಕಲ್ಲು ಒರಟು, ಇಲ್ಲವೋ ಕಡ್ಡಿಯಲ್ಲಿ ಮರಳಿನಂಥದ್ದು ಏನೋ ಇದೆ.

ಕಲ್ಲು ನಯವಾಗಿಯೂ ಇರಬೇಕು, ಮಸಿಯನ್ನು ಕಚ್ಚಿಯೂ ಹಿಡಿಯಬೇಕು. ಕೈಗೆ ಬೆಣ್ಣೆಯಂತಿರುವ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಡಸು ಹರಳುಗಳು ಇದ್ದರೆ ಮಾತ್ರ ಇದು ಸಾಧ್ಯ. ಚೀನಾದವರು ಇದನ್ನು ಕಲ್ಲಿನ ‘ಮೊನೆ’ ಎನ್ನುತ್ತಾರೆ. ಮೊನೆ ಜಾಸ್ತಿಯಾದರೆ ಮಸಿ ಬೇಗ ಇಳಿಯುತ್ತದೆ, ಆದರೆ ತರಿತರಿ. ಚೀನಾದವರು ಬರೆಯುತ್ತಿದ್ದುದು ಕುಂಚದಲ್ಲಿ, ಅದರ ಕೂದಲೂ ಸವೆಯುತ್ತದೆ. ಮೊನೆ ಕಡಿಮೆಯಾದರೆ ಕಡ್ಡಿ ಜಾರುತ್ತದೆ, ಎಷ್ಟು ತೇಯ್ದರೂ ನೀರು ನೀರೇ.

ಈಗ ಅಂಗಡಿಯಲ್ಲಿ ಕನ್ನಡಿಯಂತೆ ಹೊಳೆಯುವ, ಮೇಲೆಲ್ಲ ಡ್ರ್ಯಾಗನ್ನು ಮೋಡ ಕೆತ್ತಿದ, ಐದು ಕೆಜಿ ತೂಗುವ ‘ಪುರಾತನ’ ಮಸಿಕಲ್ಲು ಕಂಡರೆ ಏನು ಮಾಡಬೇಕು? ತೇಯುವ ಜಾಗ ಎಲ್ಲಿದೆ ನೋಡಿ. ಅಂಗೈಯಷ್ಟೂ ಇಲ್ಲವೇ? ಅದಕ್ಕೂ ಮೆರುಗು ಕೊಟ್ಟಿದ್ದಾರೆಯೇ? ಹಾಗಿದ್ದರೆ ಅದರಲ್ಲಿ ಮಸಿ ಬರುವುದಿಲ್ಲ. ಕೆಲಸಕ್ಕೆ ಬಾರದ್ದನ್ನು ಯಾರೂ ಇನ್ನೂರು ವರ್ಷ ಬಳಸಿರುವುದಿಲ್ಲ.

ನಾಲ್ಕು ಊರಿನ ಕಲ್ಲು

ಚೀನಾದಲ್ಲಿ ಹೆಸರುವಾಸಿಯಾದವು ನಾಲ್ಕು ಬಗೆ. ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತದ ಈಗಿನ ಝಾವೋಚಿಂಗ್ ಊರಿನ ಹತ್ತಿರ ಸಿಗುವುದು ದುವಾನ್ ಕಲ್ಲು. ಊರಿನ ಹಳೆ ಹೆಸರು ದುವಾನ್‌ಝೋ. ನೇರಳೆ ಮಿಶ್ರಿತ ಕಂದು ಬಣ್ಣ. ಎರಡನೆಯದು ಶೆ ಕಲ್ಲು. ಇದು ಕಪ್ಪು, ಸ್ಲೇಟಿನ ಜಾತಿ. ಇದರ ಹಳೆಯ ಗಣಿ ಈಗಿನ ಜಿಯಾಂಗ್‌ಶಿ ಪ್ರಾಂತದ ವುಯುವಾನ್‌ನಲ್ಲಿದೆ. ಮೂರನೆಯದು ಗಾನ್ಸುವಿನ ಹಸಿರು ತಾವೋ ಕಲ್ಲು. ಅಸಲಿ ಬಲು ಅಪರೂಪ, ಸದ್ಯ ಬಿಟ್ಟುಬಿಡಿ. ನಾಲ್ಕನೆಯದು ಕಲ್ಲೇ ಅಲ್ಲ. ನದಿಯ ಮೆಕ್ಕಲು ಮಣ್ಣನ್ನು ನಯವಾಗಿ ಸೋಸಿ, ಇಟ್ಟಿಗೆಯ ಹಾಗೆ ಸುಟ್ಟು ಮಾಡಿದ ಚೆಂಗ್‌ನಿ.

ದುವಾನ್ ಕಲ್ಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ದುಡ್ಡೂ ಮೋಸವೂ ಅಲ್ಲೇ ಹೆಚ್ಚು. ಟಾಂಗ್ ರಾಜವಂಶದ ಕಾಲದಿಂದ (618–907) ಇದನ್ನು ತೆಗೆಯುತ್ತಿದ್ದಾರೆ. ಎಲ್ಲಕ್ಕಿಂತ ಹೆಸರಾದದ್ದು ‘ಹಳೇ ಗಣಿ’. ಅದರ ಸುರಂಗ ನದಿ ನೀರಿನ ಮಟ್ಟಕ್ಕಿಂತ ಕೆಳಗೆ. ವರ್ಷದಲ್ಲಿ ಬಹುಪಾಲು ನೀರು ತುಂಬಿರುತ್ತಿತ್ತು. ನದಿ ಬತ್ತುವ ಚಳಿಗಾಲದಲ್ಲಿ ಆಳುಗಳು ಸಾಲಾಗಿ ಕೂತು, ಮಡಕೆಯಿಂದ ಮಡಕೆಗೆ ಕೈ ಬದಲಿಸಿ ನೀರು ಹೊರಹಾಕಬೇಕಿತ್ತು. ಅದಾದ ಮೇಲೆ ಎಣ್ಣೆ ದೀಪದ ಬೆಳಕಿನಲ್ಲಿ ತೆವಳಿಕೊಂಡು ಹೋಗಿ ಕಲ್ಲು ಬಿಡಿಸಬೇಕು. ಈಗ ಆ ಗಣಿ ಮುಚ್ಚಿದೆ. ಹಾಗಾಗಿ ‘ಹಳೇ ಗಣಿಯ ಕಲ್ಲು’ ಎಂದು ಯಾರಾದರೂ ಸಲೀಸಾಗಿ ಹೇಳಿದರೆ ಸ್ವಲ್ಪ ಹುಷಾರಾಗಿರಿ.

ದುವಾನ್ ಕಲ್ಲಿನ ಮೈಮೇಲಿನ ಗುರುತುಗಳಿಗೆಲ್ಲ ಹೆಸರಿದೆ. ಬಿಳಿ ಮಬ್ಬಿಗೆ ‘ಬಾಳೆ ಎಲೆ ಬಿಳುಪು’. ಮೋಡದಂಥ ತೇಪೆಗೆ ‘ಮೀನಿನ ಮಿದುಳು’. ಹಳದಿ–ಹಸಿರು ಬಣ್ಣದ ಗುಂಡು ಚುಕ್ಕಿಗಳು ‘ಕಣ್ಣು’. ಉಂಗುರದೊಳಗೆ ಉಂಗುರ, ನಡುವೆ ಕಪ್ಪು ಪಾಪೆ ಇದ್ದರೆ ‘ಜೀವಂತ ಕಣ್ಣು’. ಪಾಪೆ ಇಲ್ಲದ್ದು ‘ಸತ್ತ ಕಣ್ಣು’. ತಮಾಷೆಯೆಂದರೆ ಮಸಿ ತೇಯುವುದಕ್ಕೆ ಈ ಕಣ್ಣಿನಿಂದ ಕಿಂಚಿತ್ತೂ ಲಾಭವಿಲ್ಲ. ಸುತ್ತಲಿನ ಕಲ್ಲಿಗಿಂತ ಗಡಸಾದ್ದರಿಂದ ತೇಯುವ ಜಾಗದಲ್ಲಿದ್ದರೆ ತೊಂದರೆಯೇ. ಆದ್ದರಿಂದ ಚೆನ್ನಾಗಿ ಬಲ್ಲ ಕೆತ್ತುಗ ಕಣ್ಣನ್ನು ಅಂಚಿಗೋ, ತಳದ ಕಂಬದ ತುದಿಗೋ ಬರುವಂತೆ ಕಲ್ಲನ್ನು ತಿರುಗಿಸಿಕೊಳ್ಳುತ್ತಿದ್ದ. ನಕಲಿ ಮಾಡುವವನು ಬೇರೆ ಕಲ್ಲಿನ ಬಿಲ್ಲೆ ಕೊರೆದು ಅಂಟಿಸುತ್ತಾನೆ, ಅದೂ ಎಲ್ಲರ ಕಣ್ಣಿಗೆ ಬೀಳುವ ನಟ್ಟನಡುವೆ.

ಪರೀಕ್ಷೆ ಮಾಡುವ ಹಳೆ ಉಪಾಯಗಳಿವೆ. ಬಾಯಿಯ ಬಿಸಿ ಉಸಿರು ಊದಿದರೆ ಒಳ್ಳೆ ಕಲ್ಲಿನ ಮೇಲೆ ತೇವ ಕೂರುತ್ತದೆ, ಕೂಡಲೇ ಆರುವುದಿಲ್ಲ. ಬೆರಳ ತುದಿಯಲ್ಲಿ ನೇತುಹಾಕಿ ಮೆಲ್ಲಗೆ ತಟ್ಟಿದರೆ ದುವಾನ್ ಮರದ ಹಾಗೆ ಮೆತ್ತನೆ ಟೊಕ್ ಎನ್ನಬೇಕು, ಶೆ ಕಲ್ಲು ಲೋಹದ ಹಾಗೆ ಠಣ್ ಎನ್ನಬೇಕು. ಆದರೆ ನಿಜ ಹೇಳಬೇಕೆಂದರೆ ಇವೆಲ್ಲ ಐವತ್ತು ಕಲ್ಲು ತಟ್ಟಿದವರಿಗೆ ಮಾತ್ರ ಉಪಯೋಗ. ಮೊದಲ ಸಲ ತಟ್ಟಿದವರಿಗೆ ಎಲ್ಲವೂ ಟೊಕ್ಕೇ.

ಕಾಲ ಹೇಳಲು ಆಕಾರ ಹೆಚ್ಚು ಅನುಕೂಲ. ಚಿನ್–ಹಾನ್ ಕಾಲದಲ್ಲಿ (ಕ್ರಿ.ಪೂ. 3ನೇ ಶತಮಾನದಿಂದ) ಮಸಿ ಕಡ್ಡಿಯಾಗಿರಲಿಲ್ಲ, ಸಣ್ಣ ಉಂಡೆ. ಅದನ್ನು ಕೈಯಲ್ಲಿ ಹಿಡಿಯಲಾಗದು. ಹಾಗಾಗಿ ಚಪ್ಪಟೆ ಹಲಗೆಗಲ್ಲಿನ ಜೊತೆ ಒಂದು ಸಣ್ಣ ಗುಂಡುಕಲ್ಲೂ ಇರುತ್ತಿತ್ತು, ಒರಳಿಗೆ ಗುಂಡು ಇದ್ದಂತೆ. ಟಾಂಗ್ ಕಾಲಕ್ಕೆ ಮೊರದ ಆಕಾರ ಬಂತು: ಒಂದು ತುದಿ ನೆಲಕ್ಕೆ ತಾಗಿ, ಇನ್ನೊಂದು ತುದಿ ಎರಡು ಗಿಡ್ಡ ಕಾಲಿನ ಮೇಲೆ. ಸೊಂಗ್ ಕಾಲದಲ್ಲಿ (960–1279) ನನಗೆ ಬಲು ಇಷ್ಟವಾದ ರೂಪ ಬಂತು. ಉದ್ದುದ್ದ ಇಟ್ಟಿಗೆಯಂಥ ಕಲ್ಲು, ತಳವನ್ನು ಟೊಳ್ಳು ಮಾಡಿ ಎರಡು ಪಕ್ಕದ ಗೋಡೆ ಮಾತ್ರ ಬಿಟ್ಟಿರುತ್ತಾರೆ. ಕೆಳಗೆ ಕೈ ತೂರಿಸಿ ಎತ್ತಬಹುದು. ಅಲಂಕಾರ ಸೊನ್ನೆ. ಮಿಂಗ್ (1368–1644), ಚಿಂಗ್ (1644–1912) ಕಾಲಕ್ಕೆ ಬಂದಂತೆ ಕೆತ್ತನೆ ಹೆಚ್ಚುತ್ತಾ ಹೋಯಿತು.

ಈ ಕಲ್ಲಿನ ಹುಚ್ಚು ಹತ್ತಿದವರ ಕಥೆಗಳಿಗೆ ಕೊನೆಯಿಲ್ಲ. ಕುಂಚದ ಕೈಬರಹಕ್ಕೆ ಹೆಸರಾದ ಮೀ ಫು (1051–1107) ಒಮ್ಮೆ ಚಕ್ರವರ್ತಿಯ ಮುಂದೆ ಬರೆದು ಮುಗಿಸಿದ. ಆಮೇಲೆ ಆಸ್ಥಾನದ ಮಸಿಕಲ್ಲನ್ನು ಎದೆಗವುಚಿಕೊಂಡು, ‘ಇದು ನನ್ನಿಂದ ಮೈಲಿಗೆಯಾಯಿತು, ಇನ್ನು ದೊರೆಗಳು ಬಳಸುವಂತಿಲ್ಲ’ ಎಂದನಂತೆ. ಚಕ್ರವರ್ತಿ ನಕ್ಕು ಕೊಟ್ಟುಬಿಟ್ಟ. ಆಸಾಮಿ ಬಟ್ಟೆಯೆಲ್ಲ ಮಸಿ ಮಾಡಿಕೊಂಡು ಕುಣಿಯುತ್ತಾ ಹೋದನಂತೆ. ಇದಕ್ಕೆ ತದ್ವಿರುದ್ಧ ಬಾವೋ ಝೆಂಗ್ (999–1062). ಈತ ದುವಾನ್‌ಝೋ ಊರಿಗೇ ಅಧಿಕಾರಿಯಾಗಿ ಹೋದವನು. ಹಿಂದಿನ ಅಧಿಕಾರಿಗಳು ಆಸ್ಥಾನಕ್ಕೆ ಕಳುಹಿಸಬೇಕಾದ ಕಲ್ಲುಗಳ ಹತ್ತಾರು ಪಟ್ಟು ವಸೂಲಿ ಮಾಡಿ ದೊಡ್ಡವರಿಗೆ ಹಂಚುತ್ತಿದ್ದರು. ಈತ ಲೆಕ್ಕಕ್ಕೆ ಎಷ್ಟೋ ಅಷ್ಟೇ ಮಾಡಿಸಿದ. ಅವಧಿ ಮುಗಿಸಿ ಹೊರಟಾಗ ಒಂದೇ ಒಂದು ಕಲ್ಲನ್ನೂ ಒಯ್ಯಲಿಲ್ಲ ಎಂದು ಸೊಂಗ್ ವಂಶದ ಇತಿಹಾಸದಲ್ಲಿ ಬರೆದಿದ್ದಾರೆ. ಮಸಿಕಲ್ಲು ಆಗಲೇ ಲಂಚದ ನಾಣ್ಯವಾಗಿತ್ತು, ನೋಡಿ.

ಇನ್ನೊಂದು ಹೆಸರು ನೆನಪಿಡಬೇಕಾದ್ದು ಗು ಎರ್‌ನಿಯಾಂಗ್. 18ನೇ ಶತಮಾನದ ಆರಂಭದಲ್ಲಿ ಸುಝೋ ನಗರದಲ್ಲಿದ್ದ ಕೆತ್ತುಗಾರ್ತಿ. ಮಾವನ ಕಸುಬು, ಗಂಡ ತೀರಿಕೊಂಡ ಮೇಲೆ ಇವಳ ಕೈಗೆ ಬಂತು. ಕಾಲ ತುದಿ ತಾಗಿಸಿಯೇ ಕಲ್ಲಿನ ಗುಣ ಹೇಳುತ್ತಿದ್ದಳು ಎಂಬ ದಂತಕಥೆ ಇದೆ. ಅವಳ ಹೆಸರು ಕೊರೆದ ಕಲ್ಲುಗಳು ಇವತ್ತು ಎಷ್ಟು ಸಿಗುತ್ತವೆ ಎಂದರೆ, ಅವಳಿಗೆ ನೂರು ಕೈ ಇದ್ದರೂ ಅಷ್ಟನ್ನು ಮಾಡಲು ಆಗುತ್ತಿರಲಿಲ್ಲ. ಹೆಸರು ಕೊರೆಯುವುದು ಸುಲಭ. ಹೀಗಾಗಿ ಹೆಸರಿದ್ದರೆ ಅನುಮಾನ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು.

ಈ ನಕಲಿ ಧಂದೆ ನಿನ್ನೆ ಮೊನ್ನೆಯದಲ್ಲ. ಹಾನ್ ಕಾಲದ ಕೊನೆಯ ದಂಡನಾಯಕ ಚಾವೋ ಚಾವೋ 210ರಲ್ಲಿ ಕಟ್ಟಿಸಿದ ‘ತಾಮ್ರದ ಹಕ್ಕಿ’ ಎಂಬ ಉಪ್ಪರಿಗೆ ಬಿದ್ದುಹೋದ ಮೇಲೆ, ಅದರ ಹೆಂಚುಗಳನ್ನು ಆಯ್ದು ಮಸಿಕಲ್ಲು ಮಾಡುವುದು ಶೋಕಿಯಾಯಿತು. ಹೆಂಚು ಎಷ್ಟಿದ್ದಾವು? ಸೊಂಗ್ ಕಾಲದ ಹೊತ್ತಿಗೇ ಹೊಸ ಹೆಂಚು ಸುಟ್ಟು ಹಳೆಯದೆಂದು ಮಾರುತ್ತಿದ್ದರು. ಅಂದರೆ ಇವತ್ತು ನಿಮ್ಮ ಕೈಗೆ ಸಿಕ್ಕ ನಕಲಿಯೂ ಸಾವಿರ ವರ್ಷ ಹಳೆಯದಾಗಿರಬಹುದು. ಅದಕ್ಕೆ ನಗಬೇಕೋ ಅಳಬೇಕೋ!

ನೀರಿನ ಕಡೆಯವು

ಕಲ್ಲಾಯಿತು. ಈಗ ನೀರು. ಚೊಂಬಿನಿಂದ ಸುರಿದರೆ ಮಸಿ ತೆಳ್ಳಗಾಗಿ ಕೆಡುತ್ತದೆ. ಹನಿ ಹನಿಯಾಗಿ ಬೇಕು. ಅದಕ್ಕೇ ಹನಿಗಿಂಡಿ. ಕಪ್ಪೆ, ಪೀಚ್ ಹಣ್ಣು, ಎಮ್ಮೆ ಮೇಲೆ ಕೂತ ಹುಡುಗ, ಹೀಗೆ ಎಂತೆಂಥದೋ ಆಕಾರ. ಕಂಚು, ಪಿಂಗಾಣಿ ಎರಡರಲ್ಲೂ ಮಾಡುತ್ತಿದ್ದರು. ಅದರಲ್ಲಿ ತೂತು ಎರಡು. ಮೇಲಿನದ್ದನ್ನು ಬೆರಳಿನಿಂದ ಮುಚ್ಚಿದರೆ ಒಳಗೆ ಗಾಳಿ ಹೋಗದೆ ನೀರು ನಿಲ್ಲುತ್ತದೆ. ಬೆರಳು ಸಡಿಲಿಸಿದರೆ ಮೂತಿಯಿಂದ ಹನಿ ಬೀಳುತ್ತದೆ. ಎಳನೀರಿನ ಸ್ಟ್ರಾ ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದು ಮಕ್ಕಳು ಆಟ ಆಡುತ್ತಾರಲ್ಲ, ಅದೇ. ಒಂದೇ ತೂತಿನ ‘ಹನಿಗಿಂಡಿ’ ಯಾರಾದರೂ ಕೊಟ್ಟರೆ ಅದು ಹನಿಗಿಂಡಿ ಅಲ್ಲ, ಬೊಂಬೆ.

ಇಲ್ಲಿ ಇನ್ನೊಂದು ಗೊಂದಲವಿದೆ. ಕೊರಿಯಾದ ಜೋಸೋನ್ ಕಾಲದ ಚೌಕಾಕಾರದ ನೀಲಿ–ಬಿಳಿ ಹನಿಗಿಂಡಿಗಳನ್ನು ಎಷ್ಟೋ ಜನ ಚೀನಾದ್ದೆಂದೇ ಮಾರುತ್ತಾರೆ. ಜಪಾನಿನ ಮಸಿಕಲ್ಲುಗಳದ್ದೂ ಇದೇ ಪಾಡು. ಜಪಾನಿನದು ಕೆಟ್ಟದ್ದೇನಲ್ಲ. ಆದರೆ ಏನು ಕೊಳ್ಳುತ್ತಿದ್ದೇವೆ ಎಂಬುದು ಗೊತ್ತಿರಬೇಕಲ್ವಾ?

ಬರೆದ ಮೇಲೆ ಕುಂಚ ತೊಳೆಯಲು ಅಗಲವಾದ, ಮೋಟಾದ ಬಟ್ಟಲು ಬೇಕು. ಕೇಳಿದರೆ ಏನೂ ಅನಿಸುವುದಿಲ್ಲ. ಆದರೆ 2017ರ ಅಕ್ಟೋಬರಿನಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ 13 ಸೆಂಟಿಮೀಟರ್ ಅಗಲದ ಇಂಥ ಒಂದು ಬಟ್ಟಲು 29.43 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 3.77 ಕೋಟಿ ಅಮೆರಿಕನ್ ಡಾಲರ್. ಚೀನಾದ ಪಿಂಗಾಣಿಗೆ ಅಲ್ಲಿಯವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಅದು ಸೊಂಗ್ ಆಸ್ಥಾನಕ್ಕೆ ಪಿಂಗಾಣಿ ಸುಡುತ್ತಿದ್ದ ‘ರು’ ಎಂಬ ಆವಿಗೆಯದು. ಮಳೆ ನಿಂತ ಮೇಲಿನ ಆಕಾಶದ ಬಣ್ಣ. ಜಗತ್ತಿನಲ್ಲಿ ಉಳಿದಿರುವ ರು ಪಾತ್ರೆಗಳು ನೂರನ್ನೂ ಮುಟ್ಟುವುದಿಲ್ಲ. ಕುಂಚದ ಕೊಳೆ ತೊಳೆಯುವ ಬಟ್ಟಲು!

ಮಸಿ ಕಡ್ಡಿ

ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಮನೆಯಲ್ಲಿ ಕಾಡಿಗೆ ಮಾಡುವುದುಂಟು. ಚೀನಾದಲ್ಲಿ ಟಂಗ್ ಎಂಬ ಮರದ ಬೀಜದ ಎಣ್ಣೆಯ ದೀಪದಿಂದ ಹೀಗೆಯೇ ಕರಿ ಹಿಡಿಯುತ್ತಾರೆ. ಪೈನ್ ಮರ ಸುಟ್ಟೂ ಹಿಡಿಯುತ್ತಾರೆ. ಅದಕ್ಕೆ ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆದ ಅಂಟು ಬೆರೆಸಿ, ಕಸ್ತೂರಿಯಂಥ ಪರಿಮಳ ಸೇರಿಸಿ, ಕುಟ್ಟಿ ಕುಟ್ಟಿ ನಾದಿ, ಮರದ ಅಚ್ಚಿಗೊತ್ತಿ, ತಿಂಗಳುಗಟ್ಟಲೆ ನಿಧಾನ ಒಣಗಿಸುತ್ತಾರೆ. ಈ ಕಸುಬಿಗೆ ಅನ್‌ಹುಯಿ ಪ್ರಾಂತದ ಹುಯಿಝೋ ಸೀಮೆ ಹೆಸರುವಾಸಿ. ಮಿಂಗ್ ಕಾಲದ ಕೊನೆಯಲ್ಲಿ ಅಲ್ಲಿ ಚೆಂಗ್ ಜುನ್‌ಫಾಂಗ್, ಫಾಂಗ್ ಯುಲು ಎಂಬ ಇಬ್ಬರು ಬದ್ಧವೈರಿಗಳಾಗಿದ್ದರು. ಪೈಪೋಟಿಗೆ ಬಿದ್ದು ಇಬ್ಬರೂ ತಮ್ಮ ಅಚ್ಚುಗಳ ಚಿತ್ರಪುಸ್ತಕವನ್ನೇ ಮಾಡಿಸಿದರು. ಚೆಂಗ್‌ನ ಪುಸ್ತಕದಲ್ಲಿ ಇಟಲಿಯ ಪಾದ್ರಿ ಮತ್ತೆಯೋ ರಿಚ್ಚಿ ಕೊಟ್ಟ ಬೈಬಲ್ ಚಿತ್ರಗಳೂ ಇವೆ.

ಸಂಗ್ರಹ ಮಾಡುವವರಿಗೆ ಇಲ್ಲೊಂದು ಕಿವಿಮಾತು. ಕಡ್ಡಿಯ ಮೇಲಿರುವ ವರ್ಷ ಅಚ್ಚಿನ ವರ್ಷ. ಕಡ್ಡಿಯದ್ದಲ್ಲ. ಹಳೆ ಅಚ್ಚಿನಲ್ಲಿ ಎಷ್ಟೋ ದಶಕ ಬಿಟ್ಟು ಮತ್ತೆ ಒತ್ತಿದ್ದಾರೆ. ಚಿನ್ನದ ಬಣ್ಣ ನಿನ್ನೆ ಬಳಿದಂತೆ ಹೊಳೆಯುತ್ತಿದ್ದರೆ ಹುಷಾರು. ಹಳೆ ಕಡ್ಡಿಯ ಮೈ ಮಂಕಾಗಿ, ಒಂದು ನೀಲಿ ಛಾಯೆ ತಿರುಗಿರುತ್ತದೆ, ಸಣ್ಣ ಬಿರುಕುಗಳು ಇರುತ್ತವೆ. ಬಿಸಿಲಿಗೂ ಎಸಿ ಗಾಳಿಗೂ ಇಡಬೇಡಿ, ಚೂರಾಗುತ್ತದೆ.

ಹಾಗಾದರೆ ಕುಡಿಕೆಯಂಥದ್ದು ಏನೂ ಇರಲಿಲ್ಲವೇ?

ಇತ್ತು, ಆದರೆ ತಡವಾಗಿ ಬಂತು. ಸರ್ಕಾರಿ ಪರೀಕ್ಷೆಗೆ ಕೂತವರಿಗೆ, ಕಚೇರಿ ಗುಮಾಸ್ತರಿಗೆ ಪ್ರತಿ ಸಲ ತೇಯುತ್ತಾ ಕೂರಲು ಪುರುಸೊತ್ತಿರಲಿಲ್ಲ. ಹಾಗಾಗಿ 19ನೇ ಶತಮಾನದಲ್ಲಿ ಲೋಹದ ಮಸಿ ಡಬ್ಬಿ ಚಾಲ್ತಿಗೆ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಒಳಗೆ ತಾಮ್ರದ ತಗಡು, ಅದರಲ್ಲಿ ರೇಷ್ಮೆಯ ಹಿಂಜು. ಮೊದಲೇ ತೇಯ್ದ ಮಸಿಯನ್ನು ಆ ರೇಷ್ಮೆಗೆ ಕುಡಿಸಿಟ್ಟರೆ ಚೆಲ್ಲುವುದಿಲ್ಲ. ಕುಂಚವನ್ನು ಒತ್ತಿದರೆ ಸಾಕು. ಮುಚ್ಚಳದ ಒಳಬದಿಗೆ ತೆಳು ಸ್ಲೇಟಿನ ಬಿಲ್ಲೆ ಕೂರಿಸಿರುತ್ತಾರೆ, ಕುಂಚದ ತುದಿ ಚೂಪು ಮಾಡಿಕೊಳ್ಳಲು. 1865ರಲ್ಲಿ ಬೀಜಿಂಗಿನಲ್ಲಿ ಯೀದೆಗೆ ಎಂಬ ಅಂಗಡಿ ತಯಾರು ಮಸಿಯನ್ನೇ ಮಾರತೊಡಗಿತು. ಪರೀಕ್ಷೆಯಲ್ಲಿ ನಪಾಸಾಗಿ ಬಂದವನೊಬ್ಬ ಅದನ್ನು ಶುರು ಮಾಡಿದ ಎನ್ನುತ್ತಾರೆ. ಕಷ್ಟ ಉಂಡವನಿಗೇ ಉಪಾಯ ಹೊಳೆಯುವುದು. ಆ ಪರೀಕ್ಷೆಗಳನ್ನು 1905ರಲ್ಲಿ ನಿಲ್ಲಿಸಿದರು.

ಈ ಡಬ್ಬಿಗಳಲ್ಲಿ ಹಲವು ‘ಬಿಳಿ ತಾಮ್ರ’ದವು. ತಾಮ್ರ, ನಿಕ್ಕಲ್, ಸತು ಸೇರಿದ ಮಿಶ್ರಲೋಹ. ಯುರೋಪಿನವರು ಇದನ್ನು ನೋಡಿ 19ನೇ ಶತಮಾನದಲ್ಲಿ ತಾವೂ ಮಾಡಿಕೊಂಡರು. ಅದೇ ನಾವು ಗೃಹಪ್ರವೇಶಕ್ಕೆ ತಟ್ಟೆ, ಕುಂಕುಮದ ಬಟ್ಟಲು ಕೊಡುವ ಜರ್ಮನ್ ಸಿಲ್ವರ್. ಜರ್ಮನಿಗಿಂತ ಮುಂಚೆ ಅದು ಚೀನಾದ್ದು.

ಡಬ್ಬಿಯ ಬೆಲೆ ಇರುವುದು ಮುಚ್ಚಳದ ಮೇಲಿನ ಕೊರೆತದಲ್ಲಿ. ಚಿಂಗ್ ಕಾಲದ ಕೊನೆಯಲ್ಲಿ ಚೆನ್ ಯಿನ್‌ಶೆಂಗ್ ಕೊರೆದವು ದೊಡ್ಡ ಹೆಸರು ಪಡೆದವು, ಅಷ್ಟೇ ದೊಡ್ಡ ಪ್ರಮಾಣದಲ್ಲಿ ನಕಲಾದವು. ಆಮೇಲೆ ಬೀಜಿಂಗಿನ ಲಿಯುಲಿಚಾಂಗ್ ಬೀದಿಯ ಝಾಂಗ್ ಯುಯೆಚೆಂಗ್ ಬಂದ. ಚೆನ್ ಶಿಝೆಂಗ್, ಯಾವೋ ಹುವಾರಂಥ ಕಲಾವಿದರು ಚಿತ್ರ ಬರೆದುಕೊಡುತ್ತಿದ್ದರು, ಅದನ್ನು ಲೋಹದ ಮೇಲೆ ಇಳಿಸುತ್ತಿದ್ದರು. 1949ರಲ್ಲಿ ಹೊಸ ಚೀನಾ ಸರ್ಕಾರದ ರಾಜಮುದ್ರೆ ಕೆತ್ತಿದವನೂ ಇದೇ ಝಾಂಗ್.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಈ ಡಬ್ಬಿಗಳನ್ನೇ. ಬೆಲೆ ಇನ್ನೂ ಕೈಗೆಟುಕುತ್ತದೆ. ಒಳಗೆ ಮಸಿ ಹಿಡಿದು ಕಲ್ಲಿನಂತಾದ ರೇಷ್ಮೆ, ಸ್ಲೇಟಿನ ಮೇಲೆ ಕುಂಚ ಉಜ್ಜಿದ ಗುರುತು, ಮುಚ್ಚಳದ ಅಂಚು ಸವೆದಿರುವುದು ಇವೆಲ್ಲ ಇದ್ದರೆ ಬಳಸಿದ ವಸ್ತು. ಹೊರಗೆ ಗೀಚು, ತುಕ್ಕು, ಹಳಸಲು ಬಣ್ಣ, ಆದರೆ ಒಳಗೆ ಲಕಲಕ ಎನ್ನುವ ಹೊಸ ತಗಡು ಇದ್ದರೆ? ಹೊರಗಡೆ ಮಾತ್ರ ವಯಸ್ಸಾಗುವ ಡಬ್ಬಿ ಇಲ್ಲ.

ಬಿದಿರು, ಮರ, ಮತ್ತೆ ಒಂದು ಪಾರ್ಸಿ ಮಾತು

ಬಿದಿರಿನ ಅರ್ಧ ಸೀಳಿನಂಥ ಒಂದು ವಸ್ತು ಸಿಗುತ್ತದೆ, ಮೇಲೆ ಚಿತ್ರ ಕೆತ್ತಿರುತ್ತಾರೆ. ಎಷ್ಟೋ ಜನಕ್ಕೆ ಅದು ಏನೆಂದೇ ಗೊತ್ತಾಗುವುದಿಲ್ಲ. ಅದು ಮಣಿಕಟ್ಟಿನ ಆಸರೆ. ಚೀನಾದಲ್ಲಿ ಮೇಲಿನಿಂದ ಕೆಳಕ್ಕೆ ಬರೆದು, ಸಾಲುಗಳನ್ನು ಬಲದಿಂದ ಎಡಕ್ಕೆ ಸರಿಸುತ್ತಾ ಹೋಗುತ್ತಿದ್ದರು. ಅಂದರೆ ಈಗಷ್ಟೇ ಬರೆದ ಹಸಿ ಸಾಲು ಬಲಗೈ ಕೆಳಗೇ ಬರುತ್ತದೆ. ತೋಳು ಒರಗಿಸಿದರೆ ಮಸಿ ಕಲಸಿಹೋಗುತ್ತದೆ. ಅದಕ್ಕೇ ಈ ಕಮಾನು: ಕೆಳಗೆ ಮಸಿ ಆರುತ್ತಿರುತ್ತದೆ, ಮೇಲೆ ಕೈ ಇರುತ್ತದೆ. ಶಾಂಘೈ ಹತ್ತಿರದ ಜಿಯಾದಿಂಗ್‌ನ ಝು ಮನೆತನದ ಅಜ್ಜ, ಮಗ, ಮೊಮ್ಮಗ ಮೂವರೂ ಮಿಂಗ್ ಕಾಲದಲ್ಲಿ ಬಿದಿರು ಕೆತ್ತನೆಗೆ ಹೆಸರಾದವರು. ನೂರಾರು ವರ್ಷ ಕೈಯಾಡಿದ ಬಿದಿರು ಜೇನುತುಪ್ಪದ ಕೆಂಪು ಬಣ್ಣಕ್ಕೆ ತಿರುಗುತ್ತದೆ. ನಕಲಿಯವರು ಟೀ ಡಿಕಾಕ್ಷನ್ನಿನಲ್ಲೋ ಬೂಟ್ ಪಾಲಿಶ್ಶಿನಲ್ಲೋ ಆ ಬಣ್ಣ ತರಿಸುತ್ತಾರೆ. ಕೆತ್ತನೆಯ ಸಂದಿಯಲ್ಲೂ ಉಬ್ಬಿನ ಮೇಲೂ ಒಂದೇ ಬಣ್ಣ ಇದ್ದರೆ ಅನುಮಾನಪಡಿ. ಕೈ ತಾಗುವುದು ಉಬ್ಬಿಗೆ, ಸಂದಿಗಲ್ಲ.

ಕುಂಚ ನಿಲ್ಲಿಸುವ ದಾನಿಗಳಲ್ಲಿ ಬೆಲೆಬಾಳುವವು ಝಿತಾನ್ ಮರದವು. ಕಪ್ಪಿಗೆ ತಿರುಗಿದ ಕಡುನೇರಳೆ, ನೀರಿಗೆ ಹಾಕಿದರೆ ಮುಳುಗುವಷ್ಟು ತೂಕ. ಈ ಝಿತಾನ್ ಅಂದರೆ ಬೇರೇನಲ್ಲ, ನಮ್ಮ ರಕ್ತಚಂದನ. ಆಂಧ್ರದ ಶೇಷಾಚಲ ಬೆಟ್ಟಸಾಲು ಅದರ ಮುಖ್ಯ ನೆಲೆ. ಸಮುದ್ರದ ದಾರಿಯಲ್ಲಿ ಹೋದ ಮರ ಬೀಜಿಂಗಿನ ಅರಮನೆಯ ಮೇಜು ಸೇರಿತು. ಇವತ್ತಿಗೂ ರಕ್ತಚಂದನದ ಕಳ್ಳಸಾಗಣೆಯ ಸುದ್ದಿ ಬಂದಾಗ ಕೊನೆಯ ಗಿರಾಕಿ ಬಹಳ ಸಲ ಚೀನಾದವನೇ. ಆ ಹಂಬಲದ ಬೇರು ಈ ಹಳೆಯ ಪೀಠೋಪಕರಣ, ಕುಂಚದಾನಿಗಳಲ್ಲಿದೆ.

‘ದಾನಿ’ ಎಂದೆನಲ್ಲ. ಹೂದಾನಿ, ಪೀಕದಾನಿ ಎನ್ನುವಾಗಿನ ಆ ‘ದಾನಿ’ ಪಾರ್ಸಿಯಿಂದ ಬಂದದ್ದು. ಮಿಂಗ್ ವಂಶದ ಝೆಂಗ್‌ದೆ ಚಕ್ರವರ್ತಿಯ ಕಾಲದಲ್ಲಿ (1506–1521) ಆಸ್ಥಾನದ ಮುಸ್ಲಿಮರ ಅಭಿರುಚಿಗೆ ಹೊಂದುವಂತೆ ಅರಬ್ಬಿ, ಪಾರ್ಸಿ ಬರಹದ ನೀಲಿ–ಬಿಳಿ ಪಿಂಗಾಣಿ ಮಾಡಿದ್ದರು. ಐದು ಬೆಟ್ಟದ ತುದಿಗಳಂತಿರುವ ಅಂಥ ಕುಂಚದ ಆಸರೆಯೊಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಮೇಲಿರುವ ಮಾತು ‘ಖಾಮಾದಾನ್’. ಲೇಖನಿದಾನಿ ಎಂದರ್ಥ. ಚೀನಾದ ಮಣ್ಣಿನ ಮೇಲೆ ನಮ್ಮ ಹೂದಾನಿಯ ದಾಯಾದಿ!

ಕೊಳ್ಳುವ ಮುಂಚೆ

ತಳದ ಮೇಲೆ ಚಕ್ರವರ್ತಿಯ ಹೆಸರಿನ ನಾಲ್ಕೋ ಆರೋ ಅಕ್ಷರದ ಮುದ್ರೆ ಇದೆ ಎಂದರೆ ಆ ಕಾಲದ್ದೇ ಎಂದಲ್ಲ. ಕಾಂಗ್‌ಶಿ ಕಾಲದ (1662–1722) ಕುಂಬಾರರೇ ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾ ಚಕ್ರವರ್ತಿಯ ಹೆಸರು ಹಾಕುತ್ತಿದ್ದರು. ಮೋಸಕ್ಕೆ ಮಾತ್ರವಲ್ಲ, ಹಳಬರ ಮೇಲಿನ ಗೌರವಕ್ಕೂ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ಆನೆದಂತ, ಖಡ್ಗಮೃಗದ ಕೊಂಬು ಇವನ್ನು ಮುಟ್ಟಲೇಬೇಡಿ, ಎಷ್ಟೇ ಹಳೆಯದಾಗಿರಲಿ. ಭಾರತದಲ್ಲಿ ವನ್ಯಜೀವಿ ಕಾಯಿದೆಯಡಿ ನೇರ ಅಪರಾಧ. ಚೀನಾ ತನ್ನ ಕಡೆಯಿಂದ 1960ರಲ್ಲಿ 1795ರ ಗೆರೆ ಹಾಕಿತ್ತು. ಅದಕ್ಕಿಂತ ಹಳೆಯದು ದೇಶ ಬಿಡುವಂತಿರಲಿಲ್ಲ. 2007ರಲ್ಲಿ ಆ ಗೆರೆಯನ್ನು 1911ಕ್ಕೆ ತಂದಿತು. ಹಾಗಾಗಿ ‘ಮಿಂಗ್ ಕಾಲದ್ದು, ನೇರ ಚೀನಾದಿಂದ ಪಾರ್ಸೆಲ್’ ಎಂಬ ಜಾಹೀರಾತು ಒಂದೋ ಸುಳ್ಳು, ಇಲ್ಲ ಕಳ್ಳಮಾಲು. ಭಾರತದಲ್ಲಿ 1972ರ ಪ್ರಾಚ್ಯವಸ್ತು ಕಾಯಿದೆ ಇದೆ. ಅದರ ವ್ಯಾಪ್ತಿಗೆ ಬರುವ, ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಸಿಂಗಪುರದಲ್ಲೋ ಅಮೆರಿಕದಲ್ಲೋ ಇದ್ದು ಊರಿಗೆ ಬರುವಾಗ ಸಂಗ್ರಹ ಹೊತ್ತು ತರುವವರು ಖರೀದಿಯ ರಸೀದಿ, ಹಳೆ ಮಾಲೀಕರ ಚೀಟಿ ಎಲ್ಲ ಜೋಪಾನವಾಗಿಟ್ಟುಕೊಳ್ಳಿ. ನಾಳೆ ತಿರುಗಿ ಒಯ್ಯುವಾಗ ಆ ಕಾಗದಗಳೇ ಆಧಾರ.

ಕೊಂಡು ತಂದ ಕಲ್ಲನ್ನು ಸೋಪು, ಬ್ರಷ್ ಹಿಡಿದು ಉಜ್ಜಬೇಡಿ. ಬರೀ ನೀರು ಸಾಕು. ಚೀನಾದಲ್ಲಿ ಒಣಗಿದ ತಾವರೆಕಾಯಿಯ ಸಿಪ್ಪೆಯಿಂದ ಮೆಲ್ಲಗೆ ತಿಕ್ಕುತ್ತಿದ್ದರು. ಗೀರು ಬೀಳುವುದಿಲ್ಲ. ತೇಯುವ ಜಾಗವನ್ನು ಚೆನ್ನಾಗಿ ತೊಳೆಯಿರಿ, ಒಣಗಿದ ಮಸಿ ಕಲ್ಲಿನ ಮೊನೆಯನ್ನು ಮುಚ್ಚುತ್ತದೆ. ಮೂಲೆಯಲ್ಲಿ, ತಳದಲ್ಲಿ ಕೂತ ಹಳೆ ಮಸಿಯನ್ನು ಮಾತ್ರ ಹಾಗೇ ಬಿಡಿ. ತೇಯ್ದಾದ ಮೇಲೆ ಕಡ್ಡಿಯನ್ನು ಕಲ್ಲಿನ ಮೇಲೆಯೇ ಮರೆತು ಹೋದರೆ ಬೆಳಗ್ಗೆ ಹೊತ್ತಿಗೆ ಅಂಟಿಕೊಂಡಿರುತ್ತದೆ. ಕೀಳಲು ಹೋದರೆ ಕಲ್ಲಿನ ಚೂರೂ ಎದ್ದು ಬರುತ್ತದೆ. ನನಗಾಗಿದೆ.

ಸಂತೆಯಲ್ಲಿ ಕೊಂಡ ಆ ಹಿತ್ತಾಳೆ ಕುಡಿಕೆ ಏನಾಯಿತು ಎಂದಿರಾ? ಮೇಜಿನ ಮೇಲೇ ಇದೆ. ಗುಂಡುಸೂಜಿ ಹಾಕಿಟ್ಟಿದ್ದೇನೆ.